ಮನೆಯ ಮಾತು: ಎರಡನೆಯ ದಿನದ ನೋವು

ಕಳೆದ ತಿಂಗಳು ಈ ಪುಟದಲ್ಲಿ ನಿದ್ರೆಯ ವಿಷಯವಾಗಿ ಕೆಲವು ಮಾತುಗಳನ್ನು ಬರೆದಿದ್ದೆವು. ಈ ಸಂಚಿಕೆಯಲ್ಲಿ ಚಳಿಗಾಲದ ಆಹಾರಕ್ರಮವನ್ನು ಕುರಿತು ಬರೆಯಬೇಕೆಂದು ಯೋಚಿಸಿದ್ದುಂಟು. ಅಷ್ಟರಲ್ಲಿ ನಮ್ಮ ಮನೆಯಲ್ಲಿಯೇ ಒಂದು ಪ್ರಸಂಗವು ನಡೆಯಿತು. ಇಂದು ಅನೇಕ ಗೃಹಸ್ಥರ ಮನೆಗಳಲ್ಲಿ ಇಂತಹುದೇ ನಡೆಯುತ್ತಿರುವುದರಿಂದ ಅದನ್ನೇ ಈ ತಿಂಗಳ ವಿಷಯವನ್ನಾಗಿ ಎತ್ತಿಕೊಂಡಿರುವೆವು. ವಾಚಕರು ಮನ್ನಿಸಬೇಕು.

ನಮ್ಮ ತಂಗಿಯ ಮಗನು ಇಪ್ಪತ್ತಮೂರು ವರ್ಷದ ತರುಣ. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿ, ಮರಳವಾಡಿಯ ನಮ್ಮ ಮನೆಯಲ್ಲಿಯೇ ಇರುತ್ತಾನೆ. ದಿನವೆಲ್ಲ ಕುರ್ಚಿಯ ಮೇಲೆ ಕುಳಿತು ಹೊಟ್ಟೆ ಮುಂದಾಗುತ್ತಿದೆಯೆಂಬ ಚಿಂತೆಯು ಅವನಿಗೆ ಹುಟ್ಟಿ, ವ್ಯಾಯಾಮಶಾಲೆಯೊಂದಕ್ಕೆ ಹಣ ಕಟ್ಟಿದನು. ಈಗಿನವರು ಅದನ್ನು ಜಿಮ್ ಎನ್ನುವರು. ಸೋಮವಾರ ಸಂಜೆ ಹೋಗಿ, ಹೆಗಲ ಮೇಲೆ ಕಬ್ಬಿಣದ ಭಾರವನ್ನು ಹೊತ್ತು, ಜೊತೆಯವರಿಗಿಂತ ತಾನು ಕಡಿಮೆಯಲ್ಲವೆಂದು ತೋರಿಸುವುದಕ್ಕಾಗಿ ಮನಸ್ವೀ ಬಸ್ಕಿಗಳನ್ನು ಹಾಕಿ ಬಂದನು. ಅಂದು ರಾತ್ರಿ ಚೆನ್ನಾಗಿ ಉಂಡು ಮಲಗಿದನು. ಮಂಗಳವಾರ ತೊಡೆ ಸ್ವಲ್ಪ ಬಿಗಿಯಾಗಿದೆಯೆಂದನು. ಬುಧವಾರ ಬೆಳಿಗ್ಗೆ ನೋಡುವುದೇನು! ಮಹಡಿಯಿಂದ ಗೋಡೆಯನ್ನು ಹಿಡಿದು, ಅಡ್ಡಡ್ಡಲಾಗಿ, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಇಳಿಯುತ್ತಿದ್ದಾನೆ.

"ಏನಾಯಿತಪ್ಪಾ?" ಎಂದು ಕೇಳಿದೆವು.

"ಹತ್ತೋಕೆ ಹೇಗೋ ಆಗತ್ತೆ ಮಾವ, ಇಳಿಯೋಕೇ ಆಗಲ್ಲ" ಎಂದನು.

ಮನೆಯಲ್ಲಿ ಮೂವರು ಮೂರು ವಿಧವಾಗಿ ವೈದ್ಯರಾದರು. ನಮ್ಮ ತಾಯಿಯವರು ವಾಯು ಹಿಡಿದಿದೆಯೆಂದು ಹೇಳಿ ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡತೊಡಗಿದರು. ನಮ್ಮ ಗೃಹಿಣಿಯು, "ಇಂಥ ಸಾಹಸ ಯಾರಿಗೆ ಬೇಕಾಗಿದೆ? ಇನ್ನು ಆ ಕಡೆ ಕಾಲಿಡಬೇಡ" ಎಂದಳು. ದೂರವಾಣಿಯಲ್ಲಿ ಅವನ ಗೆಳೆಯನು, "ನೋವಿದ್ದಷ್ಟೂ ಬಲ ಬರುತ್ತೆ. ಒಂದು ಮಾತ್ರೆ ನುಂಗಿ ಇವತ್ತೂ ಬಾ" ಎಂದು ಉಪದೇಶಿಸಿದನು. ಹುಡುಗನು ನಮ್ಮ ಮುಖವನ್ನು ನೋಡಿದನು. ನಾವು ಕೂಡಲೇ ಉತ್ತರ ಕೊಡಲಿಲ್ಲ. ಏಕೆಂದರೆ ಅವನು ಮೆಟ್ಟಿಲಿಳಿಯುವುದನ್ನು ನೋಡಿದಾಗ, ಮೂವತ್ತು ವರ್ಷಗಳಿಗೂ ಹಿಂದೆ ನಮ್ಮಿಂದಲೇ ನಡೆದ ಒಂದು ತಪ್ಪು ನೆನಪಿಗೆ ಬಂದಿತ್ತು.

1990ರ ದಶಕದ ಮೊದಲಲ್ಲಿ, ನಾವಿನ್ನೂ ಹೊಸದಾಗಿ ಉಪಾಧ್ಯಾಯ ವೃತ್ತಿಯಲ್ಲಿದ್ದಾಗ, ಒಬ್ಬ ಬಾಲಕನು ವಾರದಲ್ಲಿ ಮೂರು ದಿನ ತಡವಾಗಿ ತರಗತಿಗೆ ಬಂದನು. ಅಂದಿನ ಪದ್ಧತಿಯಂತೆ ನೂರು ಬಸ್ಕಿ ಹಾಕೆಂದು ಆಜ್ಞೆ ಮಾಡಿದೆವು. ಹಾಕಿದನು. ಮಾರನೆಯ ದಿನ ಬಂದು ಹೇಗೋ ಕುಳಿತನು. ಮೂರನೆಯ ದಿನ ಎಲ್ಲ ಮಕ್ಕಳೂ ನೆಲದ ಮೇಲೆ ಕುಳಿತರೂ ಅವನೊಬ್ಬನು ಗೋಡೆಗೆ ಒರಗಿ ನಿಂತೇ ಇದ್ದನು. ಕೂಡೆಂದರೆ ಕೂಡಲಾಗುವುದಿಲ್ಲವೆಂದನು. ಶಿಕ್ಷೆಯಾದ ದಿನವೂ ಮರುದಿನವೂ ಕುಳಿತವನು ಮೂರನೆಯ ದಿನ ಕೂಡಲಾರನೆಂದರೆ ಅದು ನಟನೆಯಲ್ಲದೆ ಮತ್ತೇನು ಎಂದು ನಾವು ತರ್ಕಿಸಿದೆವು. "ನಾಟಕವಾಡುತ್ತಾನೆ" ಎಂದು ತರಗತಿಯ ಎದುರಿಗೆ ಹೇಳಿದೆವು. ಮಕ್ಕಳೆಲ್ಲ ನಕ್ಕರು. ನಮ್ಮ ತರ್ಕವು ಶುದ್ಧವಾಗಿಯೇ ಇತ್ತು. ಆದರೆ ಶರೀರದ ವಿಷಯದಲ್ಲಿ ನಮಗಿದ್ದ ಅಜ್ಞಾನವು ಅದಕ್ಕಿಂತಲೂ ದೊಡ್ಡದಾಗಿತ್ತು.

ನೋವಿನ ಸ್ವರೂಪ

ಇಂತಹ ನೋವು ಕೆಲಸ ಮಾಡಿದ ಕ್ಷಣದಲ್ಲಿ ಬರುವಂಥದಲ್ಲ. ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳಾದ ಮೇಲೆ ತಲೆಯೆತ್ತಿ, ಎರಡನೆಯ ಅಥವಾ ಮೂರನೆಯ ದಿನ ಪರಾಕಾಷ್ಠೆಗೇರಿ, ಐದರಿಂದ ಏಳು ದಿನಗಳೊಳಗಾಗಿ ತಾನೇ ಅಡಗುವುದು. ಶ್ರಮದ ವೇಳೆಯಲ್ಲಿಯೇ ತೋರುವ ನೋವು ಬೇರೆ, ತಡವಾಗಿ ಬರುವ ಈ ನೋವು ಬೇರೆ ಎಂಬುದನ್ನು 1902ರಷ್ಟು ಹಿಂದೆಯೇ ಅಮೆರಿಕಾ ದೇಶದ ಥಿಯೊಡೋರ್ ಹಫ್ ಎಂಬ ಶರೀರಶಾಸ್ತ್ರಜ್ಞರು ವಿಂಗಡಿಸಿ ತೋರಿಸಿದರು. ಬೆರಳು ಭಾರವನ್ನೆಳೆಯುವಂತೆ ಮಾಡಿ ಅದರ ಕೆಲಸವನ್ನು ಅಳೆಯುವ ಒಂದು ಯಂತ್ರದಿಂದ ಅವರು ಪರೀಕ್ಷಿಸಿ, ತಡವಾಗಿ ಬರುವ ನೋವಿಗೆ ಮಾಂಸಖಂಡದ ಒಳಗಾಗುವ ಸೂಕ್ಷ್ಮವಾದ ಹರಿತವೇ ಕಾರಣವಿರಬೇಕೆಂದು ಊಹಿಸಿದರು. ಮುಂದಿನ ಸಂಶೋಧನೆಗಳು ಬಹುಮಟ್ಟಿಗೆ ಅದೇ ದಾರಿಯಲ್ಲಿ ನಡೆದಿರುವುವು. (ಈಗಿನ ಪಠ್ಯಪುಸ್ತಕಗಳಲ್ಲಿ ಇದನ್ನು ಸ್ನಾಯುವೆನ್ನುವರು. ಆಯುರ್ವೇದದಲ್ಲಿ ಸ್ನಾಯುವೆಂದರೆ ಕೀಲುಗಳನ್ನು ಬಂಧಿಸುವ ನಾರು; ಆದಕಾರಣ ನಾವು ಮಾಂಸಖಂಡವೆಂಬ ಪದವನ್ನೇ ಬಳಸಿರುವೆವು.)

ಮಾಂಸಖಂಡವು ಎರಡು ಬಗೆಯಾಗಿ ದುಡಿಯುವುದು. ತುಂಬಿದ ಬಿಂದಿಗೆಯನ್ನು ನೆಲದಿಂದ ಎತ್ತುವಾಗ ತೋಳಿನ ಮಾಂಸಖಂಡವು ಕುಗ್ಗುತ್ತ ಭಾರವನ್ನೆಳೆಯುವುದು. ಅದೇ ಬಿಂದಿಗೆಯನ್ನು ತುಳುಕದಂತೆ ಮೆಲ್ಲಗೆ ಕೆಳಗಿಳಿಸುವಾಗ ಅದೇ ಮಾಂಸಖಂಡವು ಭಾರವನ್ನು ಹಿಡಿದುಕೊಂಡೇ ನೀಳವಾಗುವುದು. ಈ ಎರಡನೆಯ ಬಗೆಯ ದುಡಿಮೆಯೇ ನೋವಿಗೆ ಮುಖ್ಯ ಕಾರಣ. ಬಸ್ಕಿಯಲ್ಲಿ ಏಳುವಾಗ ತೊಡೆಯ ಮುಂಭಾಗದ ಮಾಂಸಖಂಡವು ಕುಗ್ಗುವುದು, ಕೂಡುವಾಗ ಭಾರ ಹೊತ್ತು ನೀಳವಾಗುವುದು. ಅಭ್ಯಾಸವಿಲ್ಲದ ಎಳೆಗಳು ಆಗ ಅಲ್ಲಲ್ಲಿ ಸೂಕ್ಷ್ಮವಾಗಿ ಸಡಿಲಗೊಂಡು ಹರಿಯುವುವು. ದೇಹವು ಅದನ್ನು ಸರಿಪಡಿಸಲು ತೊಡಗಿದಾಗ ಅಲ್ಲಿ ಬಾವುಂಟಾಗಿ, ನರಗಳ ತುದಿಗಳು ಸೂಕ್ಷ್ಮಗೊಂಡು, ಮುಟ್ಟಿದರೂ ಚಾಚಿದರೂ ನೋಯುವುದು. ಈ ದುರಸ್ತಿಗೆ ಕಾಲ ಹಿಡಿಯುವುದರಿಂದಲೇ ನೋವು ತಡವಾಗಿ ಬರುವುದು. ನಮ್ಮ ವಿದ್ಯಾರ್ಥಿಯು ಮೂರನೆಯ ದಿನ ಕೂಡಲಾರದೆ ಹೋದುದರ ಗುಟ್ಟು ಇಷ್ಟೇ.

ಇದನ್ನು ತಿಳಿಯಲು ನಮ್ಮ ತಾಲ್ಲೂಕಿನವರು ಯಂತ್ರವನ್ನು ಹುಡುಕಬೇಕಾಗಿಲ್ಲ. ಕಬ್ಬಾಳದುರ್ಗವನ್ನು ಹತ್ತಿ ಇಳಿದವರನ್ನು ಕೇಳಿದರೆ ಸಾಕು. ಹತ್ತುವಾಗ ಏದುಸಿರು, ಎದೆಬಡಿತ. ಆದರೂ ತೊಡೆಯು ಎರಡು ದಿನಗಳ ಮೇಲೆ ನೋಯುವುದು ಇಳಿದುದರ ಫಲವಾಗಿ. ಮಾಂಸಖಂಡದಲ್ಲಿ ಲ್ಯಾಕ್ಟಿಕ್ ಆಮ್ಲವು ನಿಂತುಬಿಡುವುದರಿಂದ ಈ ನೋವು ಬರುವುದೆಂಬ ಮಾತು ವ್ಯಾಯಾಮಶಾಲೆಗಳಲ್ಲಿ ಇಂದಿಗೂ ಕೇಳಿಬರುವುದು. ಆ ಆಮ್ಲವು ಶ್ರಮ ನಿಂತ ಸುಮಾರು ಒಂದು ಗಂಟೆಯೊಳಗೆ ರಕ್ತದಲ್ಲಿ ಮೊದಲಿನ ಮಟ್ಟಕ್ಕೆ ಇಳಿಯುವುದು. 1983ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಸಮತಟ್ಟಿನಲ್ಲಿ ಓಡಿದವರಿಗೆ ಆಮ್ಲವು ಹೆಚ್ಚಿತು, ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದವರಿಗೆ ಆಮ್ಲವು ಹೆಚ್ಚಲಿಲ್ಲ, ನೋವು ಬಂದಿತು. ಇದಕ್ಕಿಂತ ಸ್ಪಷ್ಟವಾದ ನಿರ್ಣಯವು ಬೇಕಾಗಿಲ್ಲ.

ಅಭ್ಯಾಸದ ಮಹಿಮೆ

ಈ ನೋವಿಗೆ ಇನ್ನೊಂದು ವಿಶೇಷವಾದ ಧರ್ಮವುಂಟು. ಒಮ್ಮೆ ನೊಂದು ಗುಣವಾದ ಮಾಂಸಖಂಡವು, ಅದೇ ಕೆಲಸವನ್ನು ಒಂದೆರಡು ವಾರಗಳಾದ ಮೇಲೆ ಮತ್ತೆ ಮಾಡಿದರೆ, ಮೊದಲಿನಷ್ಟು ನೋಯುವುದಿಲ್ಲ. ಈ ರಕ್ಷಣೆಯು ಹಲವು ವಾರ, ಕೆಲವೊಮ್ಮೆ ತಿಂಗಳುಗಳ ಕಾಲ ಉಳಿಯುವುದು. ಅದಕ್ಕಿಂತಲೂ ಗಮನಿಸತಕ್ಕದ್ದೇನೆಂದರೆ, ಈ ರಕ್ಷಣೆಯನ್ನು ಪಡೆಯಲು ಮೊದಲ ದಿನ ಬಹಳ ನೋಯಲೇಬೇಕೆಂಬ ನಿಯಮವಿಲ್ಲ. ಅಲ್ಪವಾದ ಮೊದಲ ಅಭ್ಯಾಸವೂ ಮುಂದಿನ ದೊಡ್ಡ ಅಭ್ಯಾಸದ ನೋವನ್ನು ಬಹುವಾಗಿ ತಗ್ಗಿಸುವುದು. ಆದಕಾರಣ ನೋವೇ ಬಲದ ಅಳತೆಯೆಂಬ ಗೆಳೆಯನ ಮಾತು ಸಾಧುವಲ್ಲ. ನೋವು ಅಪರಿಚಿತತೆಯ ಅಳತೆ ಮಾತ್ರ.

ಮಾರ್ಗಶಿರದ ಹೊತ್ತಿಗೆ ರಾಗಿ ಕುಯ್ಲಿಗೆ ಹೋಗುವ ನಮ್ಮೂರ ಹೆಂಗಸರಿಗೆ ಈ ಧರ್ಮವು ಚೆನ್ನಾಗಿ ಗೊತ್ತು. ವರ್ಷವೆಲ್ಲ ಬಗ್ಗದ ಸೊಂಟವು ಕುಡುಗೋಲು ಹಿಡಿದು ದಿನವಿಡೀ ಬಗ್ಗಿದರೆ, ಎರಡನೆಯ ಮೂರನೆಯ ದಿನ "ಮೈಯೆಲ್ಲ ಹಿಡಿದುಕೊಂಡಿದೆ" ಎನ್ನುವರು. ಅದೇ ಕೆಲಸದಲ್ಲಿ ನಾಲ್ಕಾರು ದಿನ ಕಳೆದ ಮೇಲೆ ನೋವಿನ ಮಾತೇ ಇರುವುದಿಲ್ಲ. ಮೈ ಒಗ್ಗಿತು ಎನ್ನುವರು. ಈ ಒಂದು ಕ್ರಿಯಾಪದದಲ್ಲಿ ಶಾಸ್ತ್ರವೆಲ್ಲ ಅಡಗಿದೆ.

ಗರಡಿಮನೆಯ ಹಿರಿಯರು ಬಲ್ಲುದೂ ಇದನ್ನೇ. ಹೊಸಬನಿಗೆ ಮೊದಲು ಅಖಾಡದ ಮಣ್ಣನ್ನು ಅಗೆದು ಹದಮಾಡುವ ಕೆಲಸ. ಅನಂತರ ಕೆಲವೇ ದಂಡ, ಕೆಲವೇ ಬಸ್ಕಿ. ಗದೆಯೂ ಕಲ್ಲುಗುಂಡೂ ಆಮೇಲೆ. ಭಾರದ ಸಾಧನೆಯು ನಮ್ಮ ನಾಡಿಗೆ ಹೊಸದೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದವೆಂಬ ಭಾಗದಲ್ಲಿ ಜಟ್ಟಿಗಳ ಅಭ್ಯಾಸಗಳನ್ನು ಎಣಿಸುವಾಗ ಭಾರಶ್ರಮವೆಂಬುದನ್ನು ಹೆಸರಿಸಿ ಹೇಳಿರುವನು. ಕಳೆದ ಶತಮಾನದಲ್ಲಿ ಬೆಂಗಳೂರಿನ ಕೆ. ವಿ. ಅಯ್ಯರ್ ಅವರು ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿ, 1930ರಲ್ಲಿ ಮಸಲ್ ಕಲ್ಟ್ ಎಂಬ ಗ್ರಂಥವನ್ನು ಪ್ರಕಟಿಸಿ, ಕಬ್ಬಿಣದ ಭಾರದ ಸಾಧನೆಯನ್ನು ನಮ್ಮ ದೇಶದ ಆಸನಾಭ್ಯಾಸದೊಡನೆ ಜೋಡಿಸಿದರು. ರೂಪದರ್ಶಿ, ಶಾಂತಲಾ ಎಂಬ ಕಾದಂಬರಿಗಳನ್ನು ಬರೆದವರೂ ಇವರೇ ಎಂಬುದನ್ನು ಕೇಳಿ ನಮ್ಮ ಹುಡುಗನು ಬೆರಗಾದನು. ತೋಳಿನ ಬಲಕ್ಕೂ ಲೇಖನಿಗೂ ವೈರವಿಲ್ಲವೆಂದು ಅವನಿಗೆ ಹೇಳಿದೆವು.

ವೈದ್ಯಾಚಾರ್ಯರ ಮತವು ಇನ್ನೂ ಪ್ರಾಚೀನ. ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟು ಮಾತ್ರ ಮಾಡಬೇಕೆಂದು ಸುಶ್ರುತನೂ ವಾಗ್ಭಟನೂ ವಿಧಿಸಿರುವರು. ಆ ಅರ್ಧವನ್ನು ತಿಳಿಯುವ ಬಗೆಯನ್ನೂ ಸುಶ್ರುತನು ಹೇಳಿದ್ದಾನೆ: ಮೂಗಿನ ಉಸಿರು ಸಾಲದೆ ಬಾಯಿಂದ ಉಸಿರಾಡುವಂತಾದರೆ ಅರ್ಧಬಲ ವ್ಯಯವಾಯಿತೆಂದು ಅರಿಯತಕ್ಕದ್ದು. ಮಿತಿಮೀರಿ ಶ್ರಮಿಸುವವನು ಆನೆಯನ್ನೆಳೆಯಹೋದ ಸಿಂಹದಂತೆ ಕೆಡುವನೆಂಬುದು ವಾಗ್ಭಟನ ಎಚ್ಚರಿಕೆ. ವ್ಯಾಯಾಮವಾದ ಮೇಲೆ ದೇಹಕ್ಕೆ ಸುಖವಾಗುವಂತೆ ಸುತ್ತಲೂ ಮರ್ದನ ಮಾಡಿಸಬೇಕೆಂದೂ ಅವನ ವಿಧಿಯುಂಟು. ಹಳೆಯದೆಂಬ ಮಾತ್ರಕ್ಕೆ ಇವನ್ನು ನಾವು ಎತ್ತಿ ಹೇಳುತ್ತಿಲ್ಲ. ಇಂದಿನ ಪರೀಕ್ಷೆಗಳ ಫಲವೂ ಈ ಅರ್ಧಬಲದ ಪಕ್ಷಕ್ಕೇ ವಾಲುತ್ತಿರುವುದರಿಂದ ಹೇಳಿರುವೆವು.

ಮಾಡತಕ್ಕುದು, ಬಿಡತಕ್ಕುದು

ಇನ್ನು ನೋವು ಬಂದ ಮೇಲೆ ಮನೆಯಲ್ಲಿ ಮಾಡತಕ್ಕುದೇನೆಂಬುದನ್ನು ಸಂಗ್ರಹವಾಗಿ ಹೇಳುವೆವು.

1. ಪೂರ್ತಿ ಮಲಗಿಬಿಡಬಾರದು. ಸಮತಟ್ಟಾದ ದಾರಿಯಲ್ಲಿ ಮೆಲ್ಲಗೆ ಓಡಾಡುವುದು, ಹಗುರವಾದ ಮನೆಗೆಲಸವನ್ನು ಮಾಡುವುದು ಹಿತ. ಅಲುಗಾಡುತ್ತಿರುವಷ್ಟು ಹೊತ್ತು ನೋವು ಕಡಿಮೆಯಾಗಿರುವುದು. ನಿಂತ ಮೇಲೆ ಮತ್ತೆ ತೋರಬಹುದು. ಅದರಿಂದ ಹೆದರಬೇಕಾಗಿಲ್ಲ.

2. ನೊಂದ ಅಂಗದಿಂದಲೇ ಮತ್ತೆ ಭಾರವನ್ನು ಹೊರಿಸಬಾರದು. ಆ ದಿನಗಳಲ್ಲಿ ಅದರ ಬಲವು ನಿಜವಾಗಿಯೂ ಕುಂದಿರುವುದು. ಹಿಡಿತ ತಪ್ಪಿ ಭಾರವು ಮೈಮೇಲೆ ಬೀಳಬಹುದು, ಕೀಲು ಉಳುಕಬಹುದು. ಎರಡು ಮೂರು ದಿನ ಬಿಟ್ಟು, ತೊಡೆಗೆ ವಿರಾಮವಿರುವಾಗ ತೋಳಿಗೆ ಅಭ್ಯಾಸ ಕೊಡಬಹುದು.

3. ಎಣ್ಣೆಯನ್ನು ಬೆಚ್ಚಗೆ ಮಾಡಿ ಮೃದುವಾಗಿ ನೀವಿ, ಬಿಸಿನೀರು ಹಾಕಿಸಿಕೊಂಡರೆ ಹಿತವಾಗುವುದು. ಮರ್ದನದಿಂದ ನೋವು ಸ್ವಲ್ಪ ತಗ್ಗುವುದೆಂದು ಪರೀಕ್ಷೆಗಳಲ್ಲಿಯೂ ಕಂಡಿದೆ. ಎಳ್ಳೆಣ್ಣೆಯೋ ಕೊಬ್ಬರಿಯೆಣ್ಣೆಯೋ ಎಂಬ ವಾದಕ್ಕೆ ಕಾರಣವಿಲ್ಲ. ಗುಣವಿರುವುದು ಹೆಚ್ಚಾಗಿ ನೀವುವ ಕೈಯಲ್ಲಿ. ಆದರೆ ಗಟ್ಟಿಯಾಗಿ ತುಳಿಸುವುದು, ಗುದ್ದಿಸುವುದು ಬೇಡ. ಈ ಅಂಶದಲ್ಲಿ ನಮ್ಮ ತಾಯಿಯವರೇ ಗೆದ್ದರು.

4. ಅಭ್ಯಾಸದ ಹಿಂದೆ ಮುಂದೆ ಕೈಕಾಲುಗಳನ್ನು ಎಳೆದು ಚಾಚಿದರೆ ಈ ನೋವು ಬಾರದೆಂಬ ನಂಬಿಕೆಯುಂಟು. ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಅದರಿಂದಾಗುವ ಉಪಕಾರವು ಅತ್ಯಲ್ಪವೆಂದು ತಿಳಿದಿದೆ. ಮೈ ಸಡಿಲವಾಗಲೆಂದು ಮಾಡುವವರು ಮಾಡಲಿ; ನೊಂದ ಮಾಂಸಖಂಡವನ್ನು ಬಲವಂತವಾಗಿ ಎಳೆಯಬಾರದು.

5. ನೋವಿನ ಮಾತ್ರೆಗಳು ವೇದನೆಯನ್ನು ಸ್ವಲ್ಪ ಮರೆಸುವುವೇ ಹೊರತು ದುರಸ್ತಿಯನ್ನು ಬೇಗ ಮುಗಿಸುವುದಿಲ್ಲ. ಬೆವರಿ ಬಳಲಿ, ನೀರು ಕುಡಿಯದೆ ಇರುವವನು ಐಬುಪ್ರೊಫೆನ್ ಮೊದಲಾದವನ್ನು ನುಂಗಿದರೆ ಮೂತ್ರಪಿಂಡಗಳಿಗೆ ಕೇಡಾಗುವ ಸಂಭವವುಂಟು. ಮಾತ್ರೆ ನುಂಗಿ ಅದೇ ದಿನ ಮತ್ತೆ ಭಾರವೆತ್ತುವುದಂತೂ ಎರಡು ವಿಧದಲ್ಲಿಯೂ ಅವಿವೇಕ.

6. ಹೊಟ್ಟೆತುಂಬ ಊಟ, ಸಾಕಷ್ಟು ನೀರು, ಒಳ್ಳೆಯ ನಿದ್ರೆ ಇವೇ ದುರಸ್ತಿಯ ಸಾಮಗ್ರಿಗಳು. ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 7 ಗ್ರಾಮ್ ಪ್ರೋಟೀನು ಇದ್ದರೆ ಹುರುಳಿಯಲ್ಲಿ ಸುಮಾರು 22 ಗ್ರಾಮ್ ಇರುವುದು. ಆದಕಾರಣ ಮುದ್ದೆಯೊಡನೆ ಹುರುಳಿಕಾಳಿನ ಸಾರೋ ಅವರೆಕಾಳಿನ ಹುಳಿಯೋ ಇರಲಿ. ಹಾಲು, ಮೊಸರು, ರೂಢಿಯಿದ್ದವರಿಗೆ ಮೊಟ್ಟೆ ಇರಲಿ. ಸಾವಿರಾರು ರೂಪಾಯಿಗಳ ಪುಡಿಯ ಡಬ್ಬಿಯನ್ನು ಮೊದಲ ವಾರವೇ ತಂದಿಡಬೇಕಾದ ಅಗತ್ಯವಿಲ್ಲ.

ಅಪಾಯದ ಚಿಹ್ನೆಗಳು

ಮೇಲೆ ಹೇಳಿದ ನೋವು ನಿರಪಾಯಕರ. ಆದರೆ ಮನೆಯ ಹಿರಿಯರು ಕಣ್ಣಿಟ್ಟು ನೋಡತಕ್ಕ ಒಂದು ಸ್ಥಿತಿಯುಂಟು. ಅತಿಶ್ರಮದಿಂದ ಮಾಂಸಖಂಡವು ಬಹಳವಾಗಿ ಒಡೆದು, ಅದರೊಳಗಿನ ಪದಾರ್ಥವು ರಕ್ತಕ್ಕೆ ಸೇರಿ, ಮೂತ್ರಪಿಂಡಗಳನ್ನು ಕೆಡಿಸಬಹುದು. ಮೂತ್ರವು ಕಾಫಿಯ ಡಿಕಾಕ್ಷನ್ನಿನಂತೆ ಕಪ್ಪಾಗಿ ಹೋಗುವುದು, ಇಲ್ಲವೆ ತೀರ ಕಡಿಮೆಯಾಗುವುದು. ಅಂಗವು ಬಿಗಿದು ಊದಿಕೊಳ್ಳುವುದು. ನೋವು ದಿನದಿನಕ್ಕೆ ಇಳಿಯದೆ ಏರುವುದು. ಕೈಕಾಲು ಎತ್ತಲಾರದಷ್ಟು ಬಲಹೀನತೆ: ಇವುಗಳಲ್ಲಿ ಒಂದು ಕಂಡರೂ ಎಣ್ಣೆ ಕಷಾಯಗಳೆಂದು ಕಾಲಹರಣ ಮಾಡದೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಭಾರವೆತ್ತಿದ ಕ್ಷಣದಲ್ಲಿಯೇ ಚುಚ್ಚಿದಂತಾದ ನೋವು, ಕೀಲಿನ ನೋವು, ಒಂದು ವಾರ ಕಳೆದರೂ ಇಳಿಯದ ನೋವು, ಇವನ್ನೂ ವೈದ್ಯರಿಗೆ ತೋರಿಸಬೇಕು. ಕೊಲೆಸ್ಟರಾಲನ್ನು ತಗ್ಗಿಸುವ ಮಾತ್ರೆಗಳನ್ನು ಸೇವಿಸುತ್ತಿರುವ ನಮ್ಮ ವಯಸ್ಸಿನವರು ಹೊಸದಾಗಿ ಭಾರದ ಅಭ್ಯಾಸಕ್ಕೆ ತೊಡಗುವ ಮುನ್ನವೇ ವೈದ್ಯರನ್ನು ಕೇಳುವುದು ಲೇಸು.

ಬಸ್ಕಿಯ ಶಿಕ್ಷೆಗೆ ಗುರಿಯಾದ ಮಕ್ಕಳಿಗೆ ಈ ಭಯಂಕರವಾದ ಸ್ಥಿತಿಯು ಬಂದುದು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿದೆ. ಅದನ್ನು ಓದಿದ ದಿನ ನಮಗೆ ರಾತ್ರಿ ನಿದ್ರೆ ಬರಲಿಲ್ಲ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ತನ್ನ 17ನೆಯ ಪ್ರಕರಣದಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆಗ ನಮ್ಮ ವೃತ್ತಿಬಾಂಧವರಲ್ಲಿ ಕೆಲವರು ಗೊಣಗಿದರು. ನಾವೂ ಮೊದಲು ಗೊಣಗಿದವರಲ್ಲಿ ಸೇರಿದ್ದೆವೆಂದು ಒಪ್ಪಿಕೊಳ್ಳುವೆವು.

ನಮ್ಮ ಹುಡುಗನ ವಿಷಯಕ್ಕೆ ಬರುವೆವು. ಅವನ ಮೂತ್ರದ ಬಣ್ಣವನ್ನು ಕೇಳಿದಾಗ ನಾಚಿ, ಎಂದಿನಂತೆಯೇ ಇದೆಯೆಂದನು. ಊತವಿರಲಿಲ್ಲ. ಶನಿವಾರದ ಹೊತ್ತಿಗೆ ಮೆಟ್ಟಿಲುಗಳನ್ನು ನೇರವಾಗಿ ಇಳಿದನು. ವ್ಯಾಯಾಮಶಾಲೆಯನ್ನು ಬಿಡುವುದು ಬೇಡ, ಗೆಳೆಯನ ಮಾತಿನಂತೆ ಕುಣಿಯುವುದೂ ಬೇಡ ಎಂದು ನಮ್ಮ ತೀರ್ಪು. ಮೊದಲ ಎರಡು ವಾರ, ವಾರಕ್ಕೆ ಎರಡೇ ದಿನ, ಭಾರವಿಲ್ಲದ ಬಸ್ಕಿ, ಇಪ್ಪತ್ತು ಹಾಕಬಲ್ಲವನು ಹತ್ತಕ್ಕೆ ನಿಲ್ಲಿಸತಕ್ಕದ್ದು, ಆ ಬಳಿಕ ಭಾರವನ್ನಾಗಲಿ ಸಂಖ್ಯೆಯನ್ನಾಗಲಿ ಸ್ವಲ್ಪಸ್ವಲ್ಪವಾಗಿ, ಎರಡರಲ್ಲಿ ಒಂದನ್ನು ಮಾತ್ರ, ಏರಿಸತಕ್ಕದ್ದು. ಈಗ ಎರಡು ತಿಂಗಳಾಯಿತು. ಹೆಗಲ ಮೇಲೆ ಭಾರ ಬಂದಿದೆ, ಗೋಡೆ ಹಿಡಿಯುವ ಕಾಲ ಬಂದಿಲ್ಲ. ಗೃಹಿಣಿಯೂ ಸುಮ್ಮನಾಗಿದ್ದಾಳೆ.

ಇನ್ನೊಂದು ಋಣ ಉಳಿದಿತ್ತು. ಅಂದಿನ ಆ ಬಾಲಕನು ಈಗ ನಮ್ಮ ಸೀಮೆಯಲ್ಲಿಯೇ ರೇಷ್ಮೆ ಹುಳು ಸಾಕುವ ರೈತ, ಇಬ್ಬರು ಮಕ್ಕಳ ತಂದೆ. ಒಂದು ಭಾನುವಾರ ಅವನ ಮನೆಗೆ ಹೋದೆವು. ಚಾಪೆ ಹಾಸಿ ಕೂರಿಸಿ, ಕಾಫಿ ಕೊಟ್ಟರು. ನಾವು ಬಂದ ಕಾರಣವನ್ನು ಹೇಳಿದೆವು. ಅಂದಿನ ನಮ್ಮ ಮಾತು ತಪ್ಪಾಗಿತ್ತು, ನೀನು ಹೇಳಿದುದು ನಿಜವಾಗಿತ್ತು ಎಂದೆವು. ಅವನು ಬಹಳ ಹೊತ್ತು ತಲೆ ತಗ್ಗಿಸಿಕೊಂಡಿದ್ದನು. "ಆ ವಾರ ಹುಳ ಹಣ್ಣಾಗೋ ಹೊತ್ತು ಮೇಷ್ಟ್ರೇ. ಬೆಳಿಗ್ಗೆ ಸೊಪ್ಪು ಕುಯ್ದು ಹಾಕಿ ಬರೋದು ತಡ ಆಗ್ತಿತ್ತು" ಎಂದನು. ತಡವಾದುದೇಕೆಂದು ಅಂದು ನಾವು ಕೇಳಿಯೇ ಇರಲಿಲ್ಲ. ಆಮೇಲೆ ಮೆಲ್ಲಗೆ, "ಬಸ್ಕಿ ನೋವು ನಾಲ್ಕು ದಿನಕ್ಕೆ ಹೋಯ್ತು. ನಾಟಕ ಆಡ್ತಾನೆ ಅಂದ್ರಲ್ಲ, ಅದು ಹೋಗಿರಲಿಲ್ಲ" ಎಂದನು. ನಾವು ಹೊರಟಾಗ ಅವನೇ ರಸ್ತೆಯವರೆಗೂ ಬಂದು ಬಸ್ಸು ಹತ್ತಿಸಿದನು.

ಗೃಹಸ್ಥರೇ, ಮಾಂಸಖಂಡದ ನೋವಿಗೆ ದೇಹವೇ ವೈದ್ಯ. ಅದಕ್ಕೆ ಏಳು ದಿನ ಸಾಕು. ಮನೆಯಲ್ಲಿ ಮಗನೋ ಸೊಸೆಯೋ ಕೂಲಿಯಾಳೋ "ನಿನ್ನೆಗಿಂತ ಇವತ್ತು ಹೆಚ್ಚು ನೋಯುತ್ತಿದೆ" ಎಂದರೆ, ಮೊದಲು ನಂಬಿರಿ. ಬಳಿಕ ಚಿಹ್ನೆಗಳನ್ನು ನೋಡಿರಿ. ಅನಂತರ ಎಣ್ಣೆ ಕಾಯಿಸಿರಿ. ಈ ಕ್ರಮವನ್ನು ತಪ್ಪಿಸಬೇಡಿರಿ. ಚಳಿಗಾಲದ ಆಹಾರದ ವಿಷಯವು ಮುಂದಿನ ತಿಂಗಳು ಬರುವುದು.